ಎಂಟು ಲೀಟರ್ ಸಾರು ತಣಿಸಿದ ಕಥೆ

"ಬೆಳಿಗ್ಗೆ ಮತ್ತೆ ಕುದಿಸಿದ್ರೆ ಆಯ್ತಪ್ಪ, ಇಷ್ಟಕ್ಕೆ ಇಷ್ಟು ಪಾತ್ರೆ ಯಾಕೆ ಹರವಿಕೊಂಡಿದ್ದೀಯ?" ಉಳಿದ ಸಾರನ್ನು ರಾತ್ರಿಯೇ ಬೇಗ ತಣಿಸಿ ಫ್ರಿಜ್ಜಿಗಿಡಲು ಹೊರಟಾಗ ಅತ್ತೆ ಇದನ್ನು ಕಡಿಮೆಯೆಂದರೂ ಇಪ್ಪತ್ತು ಸಲ ಕೇಳಿದ್ದಾರೆ. ಎರಡು ವರ್ಷದಿಂದ ನಮ್ಮಲ್ಲಿ ಒಂದು ಸೌಟು ಸಾರೂ ಚೆಲ್ಲಿಲ್ಲ. ಈಗ ಅವರು ಕೇಳುವುದು ಬಿಟ್ಟಿದ್ದಾರೆ, ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ಹತ್ತು ಜನರ ಮನೆ, ಒಮ್ಮೆ ಮಾಡಿದರೆ ಎಂಟು ಲೀಟರಿನಷ್ಟು ಕೋಳಿ ಸಾರು. ಮೊದಲೆಲ್ಲ ರಾತ್ರಿ ಒಲೆಯ ಮೇಲೇ ಮುಚ್ಚಿಡುತ್ತಿದ್ದೆವು. ಒಂದಿನ ಥರ್ಮಾಮೀಟರ್ ಇಳಿಬಿಟ್ಟೆ. ಹತ್ತು ಗಂಟೆಗೆ ಒಲೆ ಆರಿಸಿದ್ದು, ಬೆಳಿಗ್ಗೆ ಆರಕ್ಕೂ ನಡುವಿನಲ್ಲಿ 40 ಡಿಗ್ರಿ! ಹೊಟ್ಟೆ ಕೆಡಿಸುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಹಿತವಾದ ಹಾಸಿಗೆ ಬೇಕೆ? ಅದರ ಬೀಜಕಣಗಳು ಮೊದಲ ಕುದಿಗೆ ಸಾಯುವುದಿಲ್ಲ, ಸಾರು ಆರುವಾಗ ಮೊಳೆಯುತ್ತವೆ. ಇನ್ನು ಸ್ಟ್ಯಾಫಿಲೋಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬಿಟ್ಟ ವಿಷ ಎಷ್ಟು ಕುದಿಸಿದರೂ ಜಗ್ಗುವುದಿಲ್ಲ. ಅತ್ತೆಗೆ ಇದನ್ನು ಹೇಳಿ ಗೆದ್ದೆ ಅಂದುಕೊಳ್ಳಬೇಡಿ.

ಮೊದಲ ಪ್ರಯತ್ನದಲ್ಲೇ ಮೈಮೇಲೆ ಎಳೆದುಕೊಂಡೆ. ಇಡೀ ಪಾತ್ರೆಯನ್ನು ಬಿಸಿಬಿಸಿಯಾಗಿ ಫ್ರಿಜ್ಜಿಗೆ ತಳ್ಳಿದೆ. ಒಳಗೆ 4 ಇದ್ದದ್ದು 13ರ ಹತ್ತಿರ ಹೋಯಿತು. ಬೆಳಿಗ್ಗೆ ಕಾಯಿಸಿದ ಹಾಲು ಒಡೆಯಿತು, ಪಕ್ಕದಲ್ಲಿದ್ದ ಹಸಿ ಮಾಂಸವೂ ವಾಸನೆ. ಉಳಿಸಲು ಹೊರಟ ಸಾರಿಗಿಂತ ಹೆಚ್ಚಿನ ದುಡ್ಡು ತಿಪ್ಪೆಗೆ ಹೋಯಿತು. ಮೇಲಿಂದ ಥರ್ಮಾಮೀಟರಿನ ದಂಡ ಬೇರೆ: ಅಗ್ಗದ್ದು ಎರಡು ಕೊಂಡೆ, ಒಂದು ಐಸ್ ನೀರಿನಲ್ಲಿ ಸೊನ್ನೆಯ ಬದಲು 3 ತೋರಿಸಿತು, ಇನ್ನೊಂದು ಆವಿ ಹೊಕ್ಕು ಸತ್ತಿತು. ಮೂರನೆಯದು ಅವೆರಡೂ ಸೇರಿದ್ದಕ್ಕಿಂತ ದುಬಾರಿ, ಇವತ್ತಿಗೂ ನಡೆಯುತ್ತಿದೆ.

ಕೊನೆಗೆ ಕೈ ಹಿಡಿದದ್ದು ಅಗಲದ ಸ್ಟೀಲ್ ತಟ್ಟೆಗಳು. ಎರಡು ಬೆರಳಗಲಕ್ಕಿಂತ ಎತ್ತರಕ್ಕೆ ಸಾರು ಬೇಡ. ತುಂಡುಗಳನ್ನು ಬೇರೆ ತೆಗೆದು, ತಟ್ಟೆಗಳನ್ನು ಐಸ್ ನೀರಿನ ಟಬ್ಬಿನಲ್ಲಿಟ್ಟು ಆಗಾಗ ಕದಡಬೇಕು. ನೀರು ಬೆಚ್ಚಗಾದರೆ ಬದಲಿಸಿ, ನನಗೆ ಮೂರು ಸಲ ಬೇಕಾಯಿತು. ಎರಡು ಗಂಟೆಯೊಳಗೆ 21 ಡಿಗ್ರಿಗೆ ಇಳಿಯಬೇಕೆಂಬುದು ಲೆಕ್ಕ, ನನ್ನದು ಮುಕ್ಕಾಲು ಗಂಟೆಗೇ ಇಳಿಯುತ್ತದೆ. ಆ ನೀರಿಗೆ ಇನ್ನೊಂದು ಪದಾರ್ಥ ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಆಮೇಲೆ ಮುಚ್ಚಿ ಫ್ರಿಜ್ಜಿಗೆ, ಒಂದರ ಮೇಲೊಂದು ಪೇರಿಸದೆ.

ನಡುವೆ ಇನ್ನೊಂದು ಹುಚ್ಚಾಟ, ಕೋಳಿ ತೊಳೆದ ನೀರು ರೋಗಾಣು ಹೊತ್ತು ಎಷ್ಟು ದೂರ ಸಿಡಿಯುತ್ತದೆಂದು ನೋಡಲು. ಹಸಿ ಕೋಳಿಗೆ ಕೆಂಪು ತಿನ್ನುವ ಬಣ್ಣ ಸವರಿ, ಸಿಂಕಿನ ಸುತ್ತ ಬಿಳಿ ಕಾಗದ ಹರಡಿ, ನಲ್ಲಿ ಬಿಟ್ಟು ತೊಳೆದೆ. ಮೊಳದಾಚೆ ಬೋರಲು ಹಾಕಿದ್ದ ಲೋಟದ ಬೆನ್ನಿನ ಮೇಲೆ ಮೂರು ಕೆಂಪು ಚುಕ್ಕಿ! ಅಂದಿನಿಂದ ಕೋಳಿ ತೊಳೆಯುವುದನ್ನೇ ಬಿಟ್ಟೆ. ನೇರ ಪಾತ್ರೆಗೆ ಹಾಕಿ, ದಪ್ಪ ತುಂಡಿನ ನಡುವೆ 74 ಡಿಗ್ರಿ ಕಂಡ ಮೇಲೆಯೇ ಒಲೆ ಆರಿಸುವುದು.

ಅಲ್ಯೂಮಿನಿಯಂ ತಟ್ಟೆಯಲ್ಲೂ ನೋಡಿದೆ. ಐದಾರು ನಿಮಿಷ ಬೇಗ ಆರುತ್ತದೆ, ಆದರೆ ಹುಳಿ ಇದ್ದ ದಿನ ತಟ್ಟೆಯ ರುಚಿ ಸಾರಿಗಿಳಿಯುತ್ತದೆ, ಕೈಬಿಟ್ಟೆ. ಸ್ಟೀಲಿನವು ನಾಲ್ಕಿದ್ದವು, ಈಗ ಮೂರು. ನಾಲ್ಕನೆಯದು ಹೋದ ತಿಂಗಳು ಅತ್ತೆ ತಮ್ಮ ತಂಗಿಯ ಮನೆಗೆ ಒಯ್ದದ್ದು, ಇನ್ನೂ ಬಂದಿಲ್ಲ.