ಇಸವಿಯಿಲ್ಲದ ಆಹ್ವಾನ ಪತ್ರಿಕೆ: ಹಳೆಯ ಕಲಾ ಪ್ರದರ್ಶನಗಳ ದಾಖಲೆ ಮಾಡುವುದು ಹೇಗೆ

ಮೈಸೂರಿನ ಹಳೆಯ ಗ್ಯಾಲರಿಗಳ ಬೀರುವಿನಲ್ಲಿ ಮುಗಿದ ಪ್ರದರ್ಶನಗಳ ಕಾಗದಪತ್ರಕ್ಕೆ ಬರವಿಲ್ಲ. ಆಹ್ವಾನ ಪತ್ರಿಕೆ, ಫೋಟೊ, ಪೇಪರ್ ಕಟಿಂಗ್, ಅಭಿಪ್ರಾಯ ಪುಸ್ತಕ ಎಲ್ಲವೂ ಸಿಗುತ್ತವೆ. ಸಿಗದಿರುವುದು ಇಸವಿ. ‘ನವೆಂಬರ್ 12, ಶನಿವಾರ ಸಂಜೆ 5ಕ್ಕೆ’ ಎಂದು ಅಚ್ಚು ಹಾಕಿಸಿದವರಿಗೆ ವರ್ಷ ಬರೆಯಬೇಕೆಂದು ಅನ್ನಿಸಿರುವುದೇ ಇಲ್ಲ.

ಮೊದಲ ದಿನವೇ ವಿಂಗಡಿಸಲು ಕೂರಬೇಡಿ. ಯಾವ ಫೋಟೊ ಯಾವ ಪತ್ರಿಕೆಯ ಜೊತೆ ಪಿನ್ ಆಗಿತ್ತು ಎಂಬುದೇ ದೊಡ್ಡ ಸುಳಿವು. ಫೈಲು ಇದ್ದ ಹಾಗೇ ಮೊಬೈಲಿನಲ್ಲಿ ಫೋಟೊ ತೆಗೆದು, ಕಟ್ಟಿಗೊಂದು ನಂಬರ್ ಕೊಟ್ಟು ಆಮೇಲೆ ಬಿಡಿಸಿ. ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ ಎಳೆದರೆ ಕಾಗದವೂ ಕಿತ್ತು ಬರುತ್ತದೆ. ಹಿಂಬದಿಯಲ್ಲಿ ಅದರ ಕಾಲುಗಳನ್ನು ತೆಳು ಚಾಕುವಿನಿಂದ ನೇರ ಮಾಡಿ, ಮುಂದಿನಿಂದ ಮೇಲೆತ್ತಿ. ಸೆಲ್ಲೋಟೇಪ್ ಮುಟ್ಟಲು ಹೋಗಬೇಡಿ.

ಈಗ ಇಸವಿ. ತಾರೀಖು ಮತ್ತು ವಾರ ಒಟ್ಟಿಗೆ ಇದ್ದರೆ ಅರ್ಧ ಕೆಲಸ ಮುಗಿದಂತೆ. ಅದೇ ಜೋಡಿ 5, 6 ಅಥವಾ 11 ವರ್ಷಕ್ಕೊಮ್ಮೆ ಮರಳುತ್ತದೆ. 1980ರಿಂದ ಈಚೆಗೆ ನವೆಂಬರ್ 12 ಶನಿವಾರ ಬಿದ್ದದ್ದು 1983, 1988, 1994, 2005, 2011, 2016, 2022ರಲ್ಲಿ. ಇನ್ನು ಜರಡಿ ಹಿಡಿಯಿರಿ:

- ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು.
- ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದ್ದು.
- ಸ್ಥಿರ ದೂರವಾಣಿಗೆ ಆರೇ ಅಂಕಿ ಇದ್ದರೆ 2000ದ ದಶಕದ ಆರಂಭಕ್ಕಿಂತ ಹಿಂದಿನದ್ದು. ಮುಂದೆ 2 ಸೇರಿ ಏಳಾದದ್ದು ಆಮೇಲೆ.
- ಇಂಗ್ಲಿಷ್ ಪಠ್ಯದಲ್ಲಿ ಊರಿನ ಹೆಸರು ‘ಮೈಸೂರ್’ ಅಲ್ಲದೆ ‘ಮೈಸೂರು’ ಎಂಬ ಕಾಗುಣಿತದಲ್ಲಿದ್ದರೆ ಬಹುಮಟ್ಟಿಗೆ 2014ರ ನವೆಂಬರ್ ನಂತರದ್ದು.

ನಮ್ಮ ಆಹ್ವಾನ ಪತ್ರಿಕೆಯಲ್ಲಿ ಆರಂಕಿ ಫೋನ್ ನಂಬರ್ ಇದೆ ಎಂದುಕೊಳ್ಳಿ. 2005 ಮತ್ತು ಆಮೇಲಿನವು ಬಿದ್ದುಹೋದವು, ಉಳಿದದ್ದು ಮೂರು. ಇಲ್ಲಿ ಕೈಹಿಡಿಯುವವರು ಉದ್ಘಾಟಕರು. ಜಿಲ್ಲಾಧಿಕಾರಿ, ಕುಲಪತಿ, ಮಂತ್ರಿ ಯಾರೇ ಆಗಲಿ, ಆ ಹುದ್ದೆಯಲ್ಲಿ ಎಂದಿನಿಂದ ಎಂದಿನವರೆಗೆ ಇದ್ದರು ಎಂಬ ಪಟ್ಟಿ ಅವರವರ ಕಚೇರಿಯ ಗೋಡೆಯ ಮೇಲೇ ಇರುತ್ತದೆ. ದಸರಾ ಪ್ರದರ್ಶನವಾದರೆ ಇನ್ನೂ ಸುಲಭ: ವಿಜಯದಶಮಿ ಅಕ್ಟೋಬರ್ 5ಕ್ಕೆ ಬಂದದ್ದು 2003ರಲ್ಲೂ ಹೌದು, 2022ರಲ್ಲೂ ಹೌದು; ಮೊದಲನೆಯದು ಭಾನುವಾರ, ಎರಡನೆಯದು ಬುಧವಾರ.

ಊಹಿಸಿದ ಇಸವಿಯನ್ನು ಚೌಕ ಕಂಸದಲ್ಲಿ, ಪಕ್ಕದಲ್ಲಿ ಕಾರಣ ಸಹಿತ ಬರೆಯಿರಿ: [1994], ಆರಂಕಿ ಫೋನ್, ಕುಲಪತಿ ಅವಧಿ. ಕಾರಣವಿಲ್ಲದ ಇಸವಿ ಎರಡು ಸಲ ನಕಲಾದರೆ ಇತಿಹಾಸವೇ ಆಗಿಬಿಡುತ್ತದೆ. ಬರೆಯುವುದು ಹಿಂಬದಿಯ ಅಂಚಿನಲ್ಲಿ, 2ಬಿ ಪೆನ್ಸಿಲಿನಲ್ಲಿ. ಬಾಲ್‌ಪೆನ್ನು ಫೋಟೊದ ಮುಖದ ಮೇಲೆ ಗೀರಾಗಿ ಏಳುತ್ತದೆ.

ಸ್ಕ್ಯಾನಿಂಗ್‌ಗೆ ಆಹ್ವಾನ ಪತ್ರಿಕೆಗಳಿಗೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ) ಸಾಕು, ಫೋಟೊಗಳಿಗೆ 600. ಮೂಲ ಪ್ರತಿ ಟಿಫ್ ಫೈಲಿನಲ್ಲಿ, ಹಂಚಲು ಚಿಕ್ಕದಾದ ಜೆಪೆಗ್. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೊ ಮೊಹರು ಅಲ್ಲೇ ಇರುತ್ತದೆ. ಫೈಲಿನ ಹೆಸರು ಇಸವಿ-ತಿಂಗಳು-ದಿನದಿಂದ ಶುರುವಾಗಲಿ, ತಾನಾಗಿಯೇ ಸಾಲಾಗಿ ನಿಲ್ಲುತ್ತದೆ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕೃತಿಪಟ್ಟಿಗಳನ್ನು ಯೂನಿಕೋಡ್‌ಗೆ ಬದಲಿಸದಿದ್ದರೆ ಹುಡುಕಿದಾಗ ಒಂದು ಹೆಸರೂ ಸಿಗುವುದಿಲ್ಲ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿ, ಎಡವಟ್ಟಾಗುವುದು ಅಲ್ಲೇ.

ಕೃತಿಪಟ್ಟಿಯಲ್ಲಿ ಅಳತೆ ಕಡ್ಡಾಯ. ‘ಶೀರ್ಷಿಕೆ ರಹಿತ’ ಎಂಬ ಹತ್ತು ಚಿತ್ರಗಳನ್ನು ಬೇರ್ಪಡಿಸುವುದು ಅದೊಂದೇ. ಎತ್ತರ ಮೊದಲು, ಅಗಲ ಆಮೇಲೆ. ಚೌಕಟ್ಟು ಸೇರಿಯೋ ಬಿಟ್ಟೋ ಎಂದೂ ಹೇಳಿ.

ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರಗಳನ್ನು ಫ್ಲಾಶ್ ಹಾಕಿ ತೆಗೆದರೆ ಚಿನ್ನದ ರೇಕು ಬೆಳ್ಳಗೆ ಹೊಳೆದು ವಿವರವೆಲ್ಲ ಹೋಗುತ್ತದೆ. ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ದೀಪವಿಟ್ಟು ಒಂದು, ಒಂದೇ ಬದಿಯ ತಗ್ಗು ಬೆಳಕಿನಲ್ಲಿ ಇನ್ನೊಂದು ತೆಗೆಯಿರಿ. ಆಭರಣ, ಪ್ರಭಾವಳಿಯ ಉಬ್ಬು ಕೆಲಸ ಎದ್ದು ಕಾಣುವುದು ಎರಡನೆಯದರಲ್ಲೇ.