ಹಿಸಾಬಿನ ವಹಿಯಿಂದ ಎದ್ದು ಬಂದ ನನ್ನ ಆತ್ಮಕಥೆ

"ನಾಟಕ ನೋಡಾಕ ಬಂದ ಮಂದಿ ಪುಸ್ತಕ ತಗೋತಾರೇನೋ? ಚುರುಮುರಿ ತಗೋತಾರ." ನಮ್ಮ ಹಾರ್ಮೋನಿಯಂ ಮಾಸ್ತರರು ಹೇಳಿದ ಮಾತಿದು. 2024ರ ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ನನ್ನ ಆತ್ಮಕಥೆಯ ಸುಮಾರು 310 ಪುಸ್ತಕ ಹೋದವು. ಮಾಸ್ತರರಿಗೂ ಒಂದು ಕೊಟ್ಟೆ. ಪುಕ್ಕಟೆ ಅಲ್ಲ, 150 ರೂಪಾಯಿ ಎಣಿಸಿಕೊಂಡೇ ಕೊಟ್ಟೆ.

ನಾಟಕ ಕಂಪನಿಗಳಲ್ಲಿ ಹಾಸ್ಯ ಪಾತ್ರ ಮಾಡಿದ್ದು ಮೂವತ್ತು ವರ್ಷಕ್ಕೆ ಒಂದೆರಡು ಜಾಸ್ತಿ. ನಮ್ಮದು ಹುನಗುಂದ ಕಡೆ. 'ರಕ್ತರಾತ್ರಿ' ನಾಟಕ ಬರೆದ ಕಂದಗಲ್ ಹನುಮಂತರಾಯರ ಸೀಮೆಯವನಿಗೆ ಅದರ ಶಕುನಿ ಪಾತ್ರದ ಆಸೆ ಇರದೇ ಇರುತ್ತಾ? ಆದರೆ ನನ್ನ ದನಿ ಕೇಳಿದ ಮಾಲೀಕರು ಮೊದಲ ದಿನವೇ ಜೋಕರ್ ಟೊಪ್ಪಿಗೆ ಕೊಟ್ಟರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಥಿಯೇಟರಿನ ತಗಡು ಬಿಚ್ಚಿದರು, ಮನೆಯಲ್ಲಿ ಕೂತೆ. ಬರೆಯುವ ಹುಚ್ಚು ಹಿಡಿದದ್ದು ಆಗಲೇ.

ಮೊದಲು ಹುಟ್ಟಿನಿಂದ ಶುರು ಮಾಡಿದೆ. ಹನ್ನೊಂದು ಪುಟ ಆದರೂ ನಾನಿನ್ನೂ ಮೂರನೇ ಇಯತ್ತೆಯಲ್ಲಿದ್ದೆ. ಹೆಂಡತಿ ಓದಿ, "ಇದು ರೇಷನ್ ಕಾರ್ಡಿನ ಅರ್ಜಿ ಇದ್ದಂಗ ಐತಿ" ಅಂದಳು. ಹರಿದು ಹಾಕಿದೆ.

ಆಮೇಲೆ ಬರೆದುಕೊಡುವವರೊಬ್ಬರನ್ನು ಹಿಡಿದೆ. 25 ಸಾವಿರ ಕೇಳಿದರು, 8 ಸಾವಿರ ಮುಂಗಡ ಹೋಯಿತು. ನಲವತ್ತು ಪುಟ ಬಂತು. ತುಂಬಾ "ಕಲಾಸರಸ್ವತಿಯ ವರಪುತ್ರ", "ನಗಿಸುವವನ ಎದೆಯಲ್ಲಿ ಕಣ್ಣೀರ ಕಡಲು". ನಾನು ಅತ್ತದ್ದು ಆ 8 ಸಾವಿರಕ್ಕೆ ಮಾತ್ರ. ಮೊಬೈಲಿಗೆ ಮಾತಾಡಿ ಬರೆಸಲು ನೋಡಿದೆ. ನಮ್ಮ ಕನ್ನಡ ಅದಕ್ಕೆ ತಿಳಿಯಲಿಲ್ಲ, "ಹೊಂಟಿದ್ನಿ" ಅಂದರೆ "ಹೊಂಡ" ಅಂತ ಬರೆಯಿತು.

ದೊಡ್ಡ ಪೆಟ್ಟು ಬಿದ್ದದ್ದು ಜೋಕು ಬರೆದಾಗ. ಒನ್ಸ್‌ಮೋರ್ ಬಿದ್ದ ಕಾಮಿಡಿ ಸೀನುಗಳನ್ನೆಲ್ಲ ಬರೆದೆ, ಅರವತ್ತು ಇದ್ದವೇನೋ. ಒಂದೂ ನಗಿಸಲಿಲ್ಲ. ನಿಮಗೇ ಗೊತ್ತಲ್ಲ, "ಗೌಡ್ರ..." ಅಂದು, ಧೋತರ ಸರಿ ಮಾಡಿಕೊಂಡು, ಗ್ಯಾಲರಿ ಕಡೆ ಒಮ್ಮೆ ನೋಡಿದರೆ ಸಾಕು, ಥಿಯೇಟರ್ ಎದ್ದು ಕುಣಿಯುತ್ತದೆ. ಅದನ್ನು ಹಾಳೆಯ ಮೇಲೆ ಹೇಗೆ ಬರೆಯೋದು? ಡಬಲ್ ಮೀನಿಂಗ್ ಕಥೆ ಇನ್ನೂ ಕಷ್ಟ. ಸ್ಟೇಜಿನ ಮೇಲೆ ಎರಡನೇ ಅರ್ಥ ಕೇಳಿದವನ ತಲೆಯಲ್ಲಿ ಇರುತ್ತದೆ, ನಾನು ಸಂಭಾವಿತ. ಅಚ್ಚಾದರೆ ಆ ಅರ್ಥ ನನ್ನ ತಲೆಗೇ ಬರುತ್ತದೆ. ಅರವತ್ತೂ ತೆಗೆದೆ.

ದಾರಿ ಸಿಕ್ಕಿದ್ದು ಟ್ರಂಕಿನಲ್ಲಿ. ಕೆಂಪು ಬಟ್ಟೆಯ ಏಳು ವಹಿ. ಡೈರಿ ಅಲ್ಲ, ಬರೀ ದುಡ್ಡಿನ ಲೆಕ್ಕ. ಕೊಲ್ಹಾರ ಊರಿನಲ್ಲಿ ಕಂಪನಿ ಬೀಡುಬಿಟ್ಟಿದ್ದಾಗಿನ ಒಂದು ಲೆಕ್ಕ ಹೀಗಿತ್ತು: "ಕೊಲ್ಹಾರ. ಕಲೆಕ್ಷನ್ 1,140. ನನಗೆ 30. ಬಾಕಿ 210. ಮೊಸರು 4."

ಮೊಸರು ಯಾಕೆ? ಅರ್ಧ ತಾಸು ಕೂತೆ. ಆಮೇಲೆ ಆ ಇಡೀ ರಾತ್ರಿ ಎದ್ದು ಬಂತು. ಜಿಟಿಜಿಟಿ ಮಳೆ, ವಿಲನ್‌ಗೆ ಜ್ವರ. ಅವನ ಪಾತ್ರವನ್ನೂ ನನಗೇ ಹಚ್ಚಿದರು. ಆ ಸೀನಿನಲ್ಲಿ ವಿಲನ್ ಆಳಿನ ಕೆನ್ನೆಗೆ ಹೊಡೆಯಬೇಕು. ಆಳು ನಾನೇ, ವಿಲನ್ನೂ ನಾನೇ! ಒಂದೇ ಕಡೆ ಮೀಸೆ ಅಂಟಿಸಿಕೊಂಡು, ಆ ಕಡೆ ತಿರುಗಿ ಬೈದು, ಈ ಕಡೆ ತಿರುಗಿ ಹೊಡೆಸಿಕೊಂಡೆ. ಒನ್ಸ್‌ಮೋರ್ ಬಿತ್ತು. ಎರಡನೇ ಸಲ ಕೆನ್ನೆ ನಿಜವಾಗಿಯೇ ಊದಿತು. ಮೊಸರು ಅದಕ್ಕೆ ಹಚ್ಚಲು ತರಿಸಿದ್ದು. ಹೆಸರುವಾಸಿ ಕೊಲ್ಹಾರದ ಮೊಸರಲ್ವಾ, ಅರ್ಧ ಹಚ್ಚಿದೆ, ಅರ್ಧ ತಿಂದೆ. ಎರಡು ಪಾತ್ರಕ್ಕೆ ಮಾಲೀಕರು ಕೊಟ್ಟದ್ದು ಒಂದೇ ನೈಟ್ ಸಂಬಳ, ಅದರಲ್ಲೂ ಬಾಕಿ.

ಅಲ್ಲಿಂದ ವಹಿಯ ಒಂದೊಂದೇ ಸಾಲು ಹಿಡಿದೆ. ಆದರೆ ನೇರ ಬರೆಯಲು ಕೂರಲಿಲ್ಲ. ಸಂಜೆ ಬಾಗಲಕೋಟೆಯಲ್ಲಿ ಚಹಾದಂಗಡಿಗೆ ಹೋಗಿ ನಾಲ್ಕು ಮಂದಿಗೆ ಹೇಳುತ್ತಿದ್ದೆ, ಮೊಬೈಲು ಜೇಬಿನಲ್ಲಿ ರೆಕಾರ್ಡ್ ಆಗುತ್ತಿತ್ತು. ಕೇಳುವವನ ಚಹಾ ಆರಿದರೆ ಆ ಕಥೆ ಇಟ್ಟುಕೊಳ್ಳೋದು, ಅವನು ಮೊಬೈಲ್ ತೆಗೆದರೆ ಬಿಡೋದು. ಮೂರು ಬೇರೆ ಗುಂಪಿಗೆ ಹೇಳಿದ ಮೇಲೇ ಬರೆಯೋದು. ಸೊಸೆ ಕಂಪ್ಯೂಟರಿನ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದಳು. ಹದಿನಾಲ್ಕು ತಿಂಗಳು ಹಿಡಿಯಿತು. ಚಹಾದ ಖರ್ಚೇ ಆರೇಳು ಸಾವಿರ ಆಗಿರಬೇಕು. ಮಾಲೀಕರು ಓದಿದರೆ ತಮ್ಮದೇ ಕಥೆ ಅಂತ ತಿಳಿಯಬೇಕು, ಜಗಳಕ್ಕೆ ಮಾತ್ರ ಬರಬಾರದು. ಅದಕ್ಕೆ ಹೆಸರನ್ನು ಒಂದು ತರಹ ತಿರುಚಿದ್ದೇನೆ. ಹೇಗೆ ಅಂತ ಇಲ್ಲಿ ಹೇಳೋದಿಲ್ಲ, ಎರಡನೇ ಭಾಗಕ್ಕೆ ಬೇಕು.

ನಡುವೆ ಒಂದು ಹುಚ್ಚಾಟವೂ ಆಯಿತು. ಬಣ್ಣದ ವಾಸನೆಗೆ ನೆನಪು ಬರುತ್ತವೆ ಅಂತ ಯಾರೋ ಹೇಳಿದರು. ಹಳೇ ಮೇಕಪ್ ಪೆಟ್ಟಿಗೆ ತೆರೆದು, ಸಫೇದ ಅನ್ನೋ ಬಿಳಿ ಬಣ್ಣದ ಪುಡಿಗೆ ಕೊಬ್ಬರಿ ಎಣ್ಣೆ ಕಲಸಿ ಮುಖಕ್ಕೆ ಹಚ್ಚಿಕೊಂಡು ಕೂತೆ. ನೆನಪೇನೂ ಬರಲಿಲ್ಲ, ತುರಿಕೆ ಬಂತು. ಮೊಮ್ಮಗ ಹೆದರಿ ಎರಡು ದಿನ ಹತ್ತಿರ ಬರಲಿಲ್ಲ.

ಅಚ್ಚು: 128 ಪುಟ, 500 ಪ್ರತಿ, 42 ಸಾವಿರದ ಹತ್ತಿರ. ಪ್ರೆಸ್ಸಿನವರು ಮೂವತ್ತು ಪುಸ್ತಕದಲ್ಲಿ ಒಂದು ಫಾರ್ಮ್, ಅಂದರೆ ಪುಟಗಳ ಒಂದು ಕಟ್ಟು, ತಲೆಕೆಳಗೆ ಹೊಲಿದಿದ್ದರು. "ಈ ಪುಸ್ತಕದಾಗ ನಾ ಲಾಗ ಹಾಕೇನಿ" ಅಂತ ಅವನ್ನು 100ಕ್ಕೆ ಮಾರಿದೆ. ಅವೇ ಮೊದಲು ಖಾಲಿ ಆದವು. ವಿಜಯಪುರದ ಕಂದಗಲ್ ರಂಗಮಂದಿರದಲ್ಲಿ ಬಿಡುಗಡೆ ಮಾಡು ಅಂದರು ಗೆಳೆಯರು. ಶಾಲು, ಹಾರ, ಊಟ ಲೆಕ್ಕ ಹಾಕಿದರೆ 20 ಸಾವಿರ ದಾಟಿತು. ಕೈಬಿಟ್ಟೆ.

ಬನದ ಹುಣ್ಣಿಮೆಗೆ ಕಂಪನಿಗಳೆಲ್ಲ ಬನಶಂಕರಿಗೆ ಬರುತ್ತವಲ್ಲ, ಅಲ್ಲೇ ನಮ್ಮ ಥಿಯೇಟರಿನ ಗೇಟಿಗೆ ಟೇಬಲ್ ಹಾಕಿದೆ. ಮೊದಲ ರಾತ್ರಿ ಬಣ್ಣ ತೊಳೆದುಕೊಂಡು, ಇಸ್ತ್ರಿ ಅಂಗಿ ಹಾಕಿ ಕೂತೆ. ನಾಲ್ಕು ಹೋದವು. ಮರುದಿನ ಇಂಟರ್‌ವಲ್‌ನಲ್ಲಿ ಬಣ್ಣದಲ್ಲೇ ಮೈಕ್ ಹಿಡಿದು ಕೊಲ್ಹಾರದ ಕಥೆ ಅರ್ಧ ಪುಟ ಓದಿ ನಿಲ್ಲಿಸಿದೆ. ಇಪ್ಪತ್ತೆರಡು ಹೋದವು. ಯಾವ ಮಾತಿಗೆ ನಿಲ್ಲಿಸಿದೆ ಅನ್ನೋದು ಮಾತ್ರ ನನ್ನ ಹೊಟ್ಟೆಯಲ್ಲೇ ಇರಲಿ. ಅಚ್ಚಿನ ಖರ್ಚು ಜಾತ್ರೆಯಲ್ಲೇ ಬಂತು. ಆ 8 ಸಾವಿರ ಇನ್ನೂ ಬಂದಿಲ್ಲ.

ತೇರಿನ ಮರುದಿನ ಕೊಲ್ಹಾರ ಕ್ಯಾಂಪಿನ ಆ ಮಾಲೀಕರೇ ಬಂದರು. ಈಗ ಕೋಲು ಹಿಡಿದಿದ್ದಾರೆ. ಪುಸ್ತಕ ತಗೊಂಡು 500ರ ನೋಟು ಕೊಟ್ಟರು. 350 ವಾಪಸ್ ಕೊಡಬೇಕು. ವಹಿಯ ಬಾಕಿ ನೆನಪಾಯಿತು. 140 ಅಷ್ಟೇ ಕೊಟ್ಟೆ. ಎಣಿಸಿದರು, ನನ್ನ ಮುಖ ನೋಡಿದರು, ಸುಮ್ನೆ ಜೇಬಿಗೆ ಹಾಕಿಕೊಂಡು ಹೋದರು.