ಹಳೆಯ ಲ್ಯಾಪ್‌ಟಾಪ್ ಪರದೆಯನ್ನು ರಾಸ್ಪ್‌ಬೆರಿ ಪೈಗೆ ಮಾನಿಟರ್ ಮಾಡಿಕೊಳ್ಳುವ ಬಗೆ

ಮದರ್‌ಬೋರ್ಡ್ ಕೆಟ್ಟು ಅಟ್ಟ ಸೇರಿದ ಲ್ಯಾಪ್‌ಟಾಪಿನಲ್ಲಿ ಪರದೆ ಮಾತ್ರ ಎಷ್ಟೋ ಸಲ ಸುಸ್ಥಿತಿಯಲ್ಲಿಯೇ ಇರುತ್ತದೆ. ಅದನ್ನು ಬಿಚ್ಚಿ ತೆಗೆದು ರಾಸ್ಪ್‌ಬೆರಿ ಪೈಯಂತಹ ಪುಟ್ಟ ಕಂಪ್ಯೂಟರಿಗೆ ಮಾನಿಟರ್ ಆಗಿ ಬಳಸಬಹುದು. ಸಾಮಾನ್ಯವಾಗಿ ಬೆಸುಗೆ ಹಾಕುವ ಪ್ರಮೇಯವೂ ಬರುವುದಿಲ್ಲ. ಆದರೆ ಪೈಯ ಎಚ್‌ಡಿಎಂಐ ಕೇಬಲನ್ನು ನೇರವಾಗಿ ಈ ಪರದೆಗೆ ಜೋಡಿಸಲಾಗದು. ಹಳೆಯ ಲ್ಯಾಪ್‌ಟಾಪ್ ಪರದೆಗಳು ಎಲ್‌ವಿಡಿಎಸ್ ಎಂಬ ಸಂಕೇತವನ್ನೂ, ಸುಮಾರು 2013ರಿಂದ ಈಚಿನ ಬಹುಪಾಲು ಪರದೆಗಳು ಇಡಿಪಿ ಎಂಬ ಸಂಕೇತವನ್ನೂ ಸ್ವೀಕರಿಸುತ್ತವೆ. ಎಚ್‌ಡಿಎಂಐಯನ್ನು ಈ ಎರಡರಲ್ಲಿ ಬೇಕಾದುದಕ್ಕೆ ಬದಲಿಸಿಕೊಡಲು ನಡುವೆ ಒಂದು ಕಂಟ್ರೋಲರ್ ಬೋರ್ಡ್ ಬೇಕು. ಈ ಬೋರ್ಡು ನಿಮ್ಮ ಪರದೆಗೆ ಹೊಂದಬೇಕು ಎಂಬುದೇ ಇಡೀ ಕೆಲಸದ ತಿರುಳು.

ಆದ್ದರಿಂದ ಮೊದಲು ಪರದೆಯನ್ನು ಬಿಚ್ಚಿ, ಅದರ ಬೆನ್ನಿನ ಮೇಲಿರುವ ಚೀಟಿಯನ್ನು ಓದಿ, ಆಮೇಲೆ ಬೋರ್ಡನ್ನು ಕೊಳ್ಳಬೇಕು. ನಾನು ಮೊದಲ ಸಲ ಇದನ್ನು ತಿರುವುಮುರುವು ಮಾಡಿ, ಲ್ಯಾಪ್‌ಟಾಪಿನ ಮಾದರಿಯ ಹೆಸರನ್ನಷ್ಟೇ ಹೇಳಿ ಬೋರ್ಡ್ ತರಿಸಿ, ಬಂದ ಕೇಬಲಿನ ತುದಿ ಪರದೆಯ ಕನೆಕ್ಟರಿನೊಳಗೆ ಕೂರದೆ ಪೆಚ್ಚಾದೆ. ಒಂದೇ ಮಾದರಿಯ ಲ್ಯಾಪ್‌ಟಾಪಿಗೆ ಎರಡು ಮೂರು ಕಾರ್ಖಾನೆಗಳ ಪರದೆಗಳನ್ನು ಹಾಕುವುದು ಸಾಮಾನ್ಯ. ಹೀಗಾಗಿ ಲ್ಯಾಪ್‌ಟಾಪಿನ ಹೆಸರು ಇಲ್ಲಿ ಯಾವ ಕೆಲಸಕ್ಕೂ ಬಾರದು. ಬೇಕಾದದ್ದು ಎಲ್‌ಪಿ156ಡಬ್ಲ್ಯೂಎಚ್2 ಅಥವಾ ಬಿ156ಎಕ್ಸ್‌ಡಬ್ಲ್ಯೂ02 ಎಂಬ ರೀತಿಯಲ್ಲಿ ಚೀಟಿಯ ಮೇಲೆ ಅಚ್ಚಾಗಿರುವ ಪ್ಯಾನೆಲ್ ಸಂಖ್ಯೆ. ಇದರಲ್ಲಿ 156 ಎಂದರೆ 15.6 ಅಂಗುಲ. ಸಂಖ್ಯೆಯ ಬಾಲವನ್ನೂ ಬಿಡದೆ ಬರೆದುಕೊಳ್ಳಿ: ಎನ್156ಬಿಜಿಇ-ಎಲ್21 ಎಂಬುದು 40 ಪಿನ್ನಿನ ಎಲ್‌ವಿಡಿಎಸ್ ಪರದೆಯಾದರೆ, ಹೆಸರಿನಲ್ಲಿ ಅದರ ಅವಳಿಯಂತಿರುವ ಎನ್156ಬಿಜಿಇ-ಇ31 ಎಂಬುದು 30 ಪಿನ್ನಿನ ಇಡಿಪಿ ಪರದೆ. ಪಿನ್ನುಗಳನ್ನು ಎಣಿಸಿಯೇ ಬಗೆಯನ್ನು ತೀರ್ಮಾನಿಸುವುದೂ ಸರಿಯಲ್ಲ, ಏಕೆಂದರೆ 40 ಪಿನ್ನಿನ ಇಡಿಪಿ ಪರದೆಗಳೂ ಇವೆ. ಪ್ಯಾನೆಲ್ ಸಂಖ್ಯೆಯನ್ನು ಅಂತರಜಾಲದಲ್ಲಿ ಹುಡುಕಿ, ಸಂಕೇತದ ಬಗೆ, ರೆಸಲ್ಯೂಷನ್ (ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಚುಕ್ಕೆಗಳು ಎಂಬ ಲೆಕ್ಕ) ಮತ್ತು ವೋಲ್ಟೇಜುಗಳಿರುವ ಡೇಟಾಶೀಟ್, ಅಂದರೆ ತಯಾರಕರ ವಿವರಪಟ್ಟಿ, ಸಿಕ್ಕರೆ ಇಳಿಸಿಟ್ಟುಕೊಳ್ಳಿ.

ಪರದೆಯ ಅಂಚಿನಿಂದ ಎರಡು ತಂತಿಗಳು ಹೊರಬಂದು ಪುಟ್ಟ ಬಿಳಿ ಪ್ಲಗ್ಗಿನಲ್ಲಿ ಮುಗಿದಿದ್ದರೆ, ಅದರ ಹಿಂಬೆಳಕು (ಚಿತ್ರ ಕಾಣುವಂತೆ ಪರದೆಯನ್ನು ಹಿಂದಿನಿಂದ ಬೆಳಗುವ ದೀಪ) ಎಲ್‌ಇಡಿಯದಲ್ಲ, ಸಿಸಿಎಫ್‌ಎಲ್ ಎಂಬ ಸಣ್ಣ ಟ್ಯೂಬಿನದು. ಅದಕ್ಕೆ ನೂರಾರು ವೋಲ್ಟ್ ಕೊಡುವ ಪ್ರತ್ಯೇಕ ಇನ್ವರ್ಟರ್ ಬೇಕಾಗುತ್ತದೆ, ಟ್ಯೂಬಿನೊಳಗೆ ಪಾದರಸವೂ ಇರುತ್ತದೆ. ಹೊಸಬರು ಇಂತಹ ಪರದೆಯ ಗೊಡವೆಗೆ ಹೋಗದೆ ಅದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಬಿಚ್ಚುವ ಮೊದಲು ಅಡಾಪ್ಟರನ್ನು ಕಳಚಿ, ಬ್ಯಾಟರಿಯನ್ನು ತೆಗೆದಿಡಿ. ಪರದೆಯ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟಿನ ಮೂಲೆಗಳಲ್ಲಿ ರಬ್ಬರ್ ಬಿಲ್ಲೆಗಳಿದ್ದರೆ ಅವುಗಳ ಕೆಳಗೆ ಸ್ಕ್ರೂಗಳಿರುತ್ತವೆ. ಅವನ್ನು ತೆಗೆದ ಮೇಲೆ ಹಳೆಯ ಎಟಿಎಂ ಕಾರ್ಡಿನಂತಹ ಪ್ಲಾಸ್ಟಿಕ್ ತುಂಡನ್ನು ಸಂದಿಯಲ್ಲಿ ತೂರಿಸಿ ಸುತ್ತಲೂ ಸರಿಸುತ್ತ ಹೋದರೆ ಚೌಕಟ್ಟು ಟಕ್ ಟಕ್ ಎಂದು ಬಿಟ್ಟುಕೊಳ್ಳುತ್ತದೆ. ಪರದೆಯನ್ನು ಮುಂದಕ್ಕೆ ಬಾಗಿಸಿ ಕೀಲಿಮಣೆಯ ಮೇಲೆ ಹಾಸಿದ ಬಟ್ಟೆಯ ಮೇಲೆ ಮಲಗಿಸಿ, ಕನೆಕ್ಟರಿನ ಮೇಲಿರುವ ಟೇಪನ್ನು ಮೊದಲು ಸುಲಿದು, ಆಮೇಲೆ ಪ್ಲಗ್ಗನ್ನು ಪರದೆಗೆ ಸಮಾಂತರವಾಗಿ ಎಳೆಯಬೇಕು. ಮೇಲಕ್ಕೆ ಎತ್ತಿದರೆ ಪಿನ್ನುಗಳು ಕಿತ್ತುಬರುತ್ತವೆ. ಪರದೆಯ ಕೆಳ ಅಂಚಿನಲ್ಲಿರುವ ತೆಳ್ಳನೆಯ ಸರ್ಕ್ಯೂಟ್ ಪಟ್ಟಿಯನ್ನು ಹಿಡಿದು ಎತ್ತಬೇಡಿ. ಅದು ಬಾಗಿದರೆ ಪರದೆಯ ಮೇಲೆ ಮತ್ತೆಂದೂ ಹೋಗದ ಗೆರೆಗಳು ಮೂಡುತ್ತವೆ.

ಇನ್ನು ಬೋರ್ಡನ್ನು ತರಿಸಬಹುದು. ಅಂತರಜಾಲದ ಅಂಗಡಿಗಳಲ್ಲಿಯೂ, ಬೆಂಗಳೂರಿನಲ್ಲಿರುವವರಿಗಾದರೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿಯೂ ವಿಚಾರಿಸಬಹುದು. ಮಾರುವವರಿಗೆ ಪ್ಯಾನೆಲ್ ಸಂಖ್ಯೆಯನ್ನು ಪೂರ್ತಿಯಾಗಿ ತಿಳಿಸಿ, ಅದಕ್ಕೆ ತಕ್ಕ ಫರ್ಮ್‌ವೇರ್ (ಬೋರ್ಡನ್ನು ನಡೆಸುವ, ಅದರೊಳಗೇ ಇರುವ ತಂತ್ರಾಂಶ) ತುಂಬಿದ ಬೋರ್ಡ್, ತಕ್ಕ ಕೇಬಲ್ ಮತ್ತು ಗುಂಡಿಗಳಿರುವ ಪುಟ್ಟ ಪಟ್ಟಿ, ಈ ಮೂರನ್ನೂ ಒಟ್ಟಿಗೇ ಕೇಳಿ ಪಡೆಯಿರಿ. ಎಲ್‌ವಿಡಿಎಸ್ ಪರದೆಗಳಲ್ಲಿ 1366×768ರವು ಒಂದೇ ಚಾನೆಲಿನವಾದರೆ (ಚಾನೆಲ್ ಎಂದರೆ ಸಂಕೇತ ಸಾಗುವ ತಂತಿಗಳ ಗುಂಪು) 1920×1080ರವು ಎರಡು ಚಾನೆಲಿನವು, ಮತ್ತು ಎರಡಕ್ಕೂ ಕೇಬಲ್ ಹಾಗೂ ಫರ್ಮ್‌ವೇರ್ ಬೇರೆ ಬೇರೆಯೇ ಆಗಿರುತ್ತವೆ.

ಜೋಡಿಸುವಾಗ ಅವಸರ ಸಲ್ಲದು. ಎಲ್‌ವಿಡಿಎಸ್ ಬೋರ್ಡಿನ ಮೇಲೆ ಪರದೆಗೆ ಹೋಗುವ ವೋಲ್ಟೇಜನ್ನು ಆರಿಸಲು ಒಂದು ಜಂಪರ್, ಅಂದರೆ ಎರಡು ಪಿನ್ನುಗಳನ್ನು ಬೆಸೆಯುವ, ಕಿತ್ತು ಬೇರೆಡೆ ಕೂರಿಸಬಹುದಾದ ಪುಟ್ಟ ಟೋಪಿ, ಇರುತ್ತದೆ. ಅದರ ಪಕ್ಕದಲ್ಲಿ 3.3, 5 ಮತ್ತು 12 ಎಂದು ಅಚ್ಚಾಗಿರುತ್ತದೆ. ಲ್ಯಾಪ್‌ಟಾಪ್ ಪರದೆಗೆ ಬೇಕಾದದ್ದು 3.3 ವೋಲ್ಟ್. ದೊಡ್ಡ ಮಾನಿಟರ್ ಮತ್ತು ಟಿವಿಗಳ ಪರದೆಗಳಿಗೂ ಇದೇ ಬೋರ್ಡನ್ನು ಬಳಸುವುದರಿಂದ ಜಂಪರ್ 5ರ ಮೇಲೋ 12ರ ಮೇಲೋ ಕುಳಿತು ಬಂದಿರಬಹುದು, ಹಾಗೆಯೇ ವಿದ್ಯುತ್ ಕೊಟ್ಟರೆ ಪರದೆ ಅಲ್ಲಿಗೆ ಮುಗಿಯಿತು. ಕೇಬಲಿನ ವಿಷಯವೂ ಇಷ್ಟೇ ಸೂಕ್ಷ್ಮ. 40 ಪಿನ್ನಿನ ಎಲ್‌ವಿಡಿಎಸ್ ಕೇಬಲಿನಲ್ಲಿ ಪರದೆಯ 3.3 ವೋಲ್ಟೂ ಹಿಂಬೆಳಕಿನ 12 ವೋಲ್ಟೂ ಒಂದೇ ಪ್ಲಗ್ಗಿನಲ್ಲಿ ಹೋಗುತ್ತವೆ. ಬೋರ್ಡಿನ ಕಡೆಯ ತುದಿ ಒಂದು ಸಾಲು ಪಕ್ಕಕ್ಕೆ ಸರಿದು ಕುಳಿತರೂ ಹೋಗಬಾರದ ಕಡೆ ವೋಲ್ಟೇಜು ಹೋಗುತ್ತದೆ. ಒಂದನೆಯ ಪಿನ್ನಿನ ಗುರುತನ್ನು ನೋಡಿ ಜೋಡಿಸಿ. ಮಲ್ಟಿಮೀಟರ್ ಇದ್ದರೆ, ವಿದ್ಯುತ್ ಕೊಡುವ ಮೊದಲೇ, ಡೇಟಾಶೀಟಿನಲ್ಲಿ ಗ್ರೌಂಡ್ (ಸೊನ್ನೆ ವೋಲ್ಟಿನ ಕಡೆ) ಎಂದು ತೋರಿಸಿದ ಪಿನ್ನುಗಳಿಗೂ ಬೋರ್ಡಿನ ಗ್ರೌಂಡಿಗೂ ಸಂಪರ್ಕವಿದೆಯೇ ಎಂದು ಬೀಪ್ ಸದ್ದಿನಿಂದ ಖಚಿತಪಡಿಸಿಕೊಳ್ಳಿ. ಹತ್ತು ನಿಮಿಷದ ಈ ಕೆಲಸವನ್ನು ನಾನು ಈಗ ಒಮ್ಮೆಯೂ ತಪ್ಪಿಸುವುದಿಲ್ಲ.

ಬೋರ್ಡಿಗೆ ಸಾಮಾನ್ಯವಾಗಿ 12 ವೋಲ್ಟಿನ ಅಡಾಪ್ಟರ್ ಬೇಕು, 15.6 ಅಂಗುಲದ ಎಲ್‌ಇಡಿ ಪರದೆಗೆ 2 ಆಂಪಿಯರಿನದು ಧಾರಾಳವಾಗಿ ಸಾಕಾಗುತ್ತದೆ. ಲ್ಯಾಪ್‌ಟಾಪಿನ ಹಳೆಯ 19 ವೋಲ್ಟಿನ ಅಡಾಪ್ಟರನ್ನೇ ಚುಚ್ಚಿಬಿಡುವ ಆಸೆಗೆ ಬೀಳಬೇಡಿ. ಪೈಗೆ ಅದರದೇ 5 ವೋಲ್ಟಿನ ಅಡಾಪ್ಟರ್ ಇರಲಿ. ಮೊದಲ ಸಲ ಹಚ್ಚಿದಾಗ ಏನು ಕಾಣುತ್ತದೆ ಎಂಬುದರಿಂದಲೇ ದೋಷ ಎಲ್ಲಿದೆ ಎಂದು ಊಹಿಸಬಹುದು. ಟಿಎನ್ ಬಗೆಯ (ಸಂಕೇತವಿಲ್ಲದಾಗ ಬಿಳಿಯಾಗಿಯೇ ಕಾಣುವ) ಪರದೆ ಬರಿಯ ಬಿಳಿಯಾಗಿ ಬೆಳಗಿದರೆ ಹಿಂಬೆಳಕು ಸರಿಯಾಗಿದೆ, ಚಿತ್ರದ ಸಂಕೇತವಷ್ಟೇ ತಲುಪುತ್ತಿಲ್ಲ. ಕೇಬಲನ್ನು ಮತ್ತೆ ನೋಡಿ. ಕತ್ತಲೆಯ ಪರದೆಯ ಮೇಲೆ ಟಾರ್ಚ್ ಹಿಡಿದಾಗ ಚಿತ್ರ ಮಸುಕಾಗಿ ಕಂಡರೆ ಹಿಂಬೆಳಕಿಗೆ ವಿದ್ಯುತ್ ಹೋಗುತ್ತಿಲ್ಲ. ಚಿತ್ರ ಬಂದೂ ಬಣ್ಣಗಳು ಕಲಸಿಕೊಂಡಿದ್ದರೆ ಅಥವಾ ಚಿತ್ರ ಎರಡಾಗಿ ಸೀಳಿದ್ದರೆ ಫರ್ಮ್‌ವೇರ್ ನಿಮ್ಮ ಪರದೆಯದಲ್ಲ ಎಂದೇ ಹೆಚ್ಚಾಗಿ ಅರ್ಥ.

ಪೈಯ ಕಡೆಯ ಕೆಲಸ ಕಡಿಮೆ. ಪೈ 4 ಮತ್ತು 5ರಲ್ಲಿ ಇರುವುದು ಮೈಕ್ರೋ ಎಚ್‌ಡಿಎಂಐ, ಪೈ ಝೀರೋದಲ್ಲಿ ಮಿನಿ ಎಚ್‌ಡಿಎಂಐ. ಅದಕ್ಕೆ ತಕ್ಕ ಕೇಬಲ್ ಇಟ್ಟುಕೊಳ್ಳಿ. 1366×768ರ ಪರದೆಯಲ್ಲಿ ಅಕ್ಷರಗಳು ತುಸು ಮಸುಕಾಗಿ ಕಂಡರೆ ಗಾಬರಿಯಾಗಬೇಕಿಲ್ಲ: 1366 ಎಂಬುದು 8ರಿಂದ ಭಾಗವಾಗದ ಸಂಖ್ಯೆಯಾದ್ದರಿಂದ ಕೆಲವು ಬೋರ್ಡುಗಳು ಪೈಗೆ 1360 ಎಂದು ಹೇಳಿಕೊಳ್ಳುತ್ತವೆ, ಆಗ ಚಿತ್ರವನ್ನು ಕೊಂಚ ಹಿಗ್ಗಿಸಿ ತೋರಿಸಬೇಕಾಗುತ್ತದೆ. ಹಳೆಯ ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ಕಾನ್ಫಿಗ್ (config.txt) ಕಡತದಲ್ಲಿ ಎಚ್‌ಡಿಎಂಐ ಗ್ರೂಪನ್ನು 2 ಎಂದೂ ಮೋಡನ್ನು 81 ಎಂದೂ ಬರೆದರೆ 1366×768 ನಿಗದಿಯಾಗುತ್ತದೆ. ಹೊಸ ಆವೃತ್ತಿಗಳಲ್ಲಿ ಆ ಸಾಲುಗಳು ನಡೆಯುವುದಿಲ್ಲ. ಡೆಸ್ಕ್‌ಟಾಪಿನ ಸ್ಕ್ರೀನ್ ಸೆಟ್ಟಿಂಗಿನಲ್ಲಿ ಬೇಕಾದ ರೆಸಲ್ಯೂಷನ್ ಸಿಗದಿದ್ದರೆ ಅದನ್ನು ಕಮಾಂಡ್‌ಲೈನ್ (cmdline.txt) ಕಡತದಲ್ಲಿ ವಿಡಿಯೋ (video=) ಎಂಬ ಪದದೊಂದಿಗೆ ಸೂಚಿಸಬೇಕಾಗುತ್ತದೆ. ಪೈಯಿಂದ ಬರುವ ಸದ್ದು ಕೂಡ ಎಚ್‌ಡಿಎಂಐ ಮೂಲಕವೇ ಬರುವುದರಿಂದ, ಬೋರ್ಡಿನಲ್ಲಿ ಹೆಡ್‌ಫೋನ್ ಜ್ಯಾಕ್ ಇದ್ದರೆ ಸ್ಪೀಕರನ್ನು ಅಲ್ಲಿಗೇ ಸಿಕ್ಕಿಸಬಹುದು.

ಚೌಕಟ್ಟಿಗೆ ಲ್ಯಾಪ್‌ಟಾಪಿನ ಹಳೆಯ ಮುಚ್ಚಳವನ್ನೇ ಬಳಸುವುದು ಸುಲಭ, ಪರದೆಗೆ ತಕ್ಕ ಸ್ಕ್ರೂ ರಂಧ್ರಗಳು ಅದರಲ್ಲಿ ಆಗಲೇ ಇರುತ್ತವೆ. ಮುಚ್ಚಳ ಒಡೆದಿದ್ದರೆ ಫೋಟೋಗೆ ಕಟ್ಟು ಹಾಕುವವರಲ್ಲಿ ಅಳತೆ ಕೊಟ್ಟು ಮರದ ಚೌಕಟ್ಟು ಮಾಡಿಸಿ, ಹಿಂದೆ ಪ್ಲೈವುಡ್ ಹಲಗೆ ಕೂರಿಸಿ. ಬೋರ್ಡನ್ನು ಪ್ಲಾಸ್ಟಿಕ್ ಸ್ಪೇಸರುಗಳ ಮೇಲೆ ಹಲಗೆಯ ಹೊರಬದಿಗೆ ಬಿಗಿಯಬೇಕು. ಪರದೆಯ ಲೋಹದ ಬೆನ್ನಿಗೆ ಅದು ತಾಗಿದರೆ ಶಾರ್ಟ್ ಆಗುತ್ತದೆ. ಕೇಬಲ್ ಗಿಡ್ಡವಾಗಿರುವುದರಿಂದ, ಹಲಗೆಗೆ ತೂತು ಕೊರೆಯುವ ಮುನ್ನ ಎಲ್ಲವನ್ನೂ ಮೇಜಿನ ಮೇಲೆ ಹರಡಿ ಅದು ಎಲ್ಲಿಯವರೆಗೆ ಎಟಕುತ್ತದೆ ಎಂದು ನೋಡಿಕೊಳ್ಳಿ.